ಕೀಲಿಮಣೆಗೆ ಕೊನೆಯ ಸರದಿ: ಮನೆಯಲ್ಲಿ ಅನಲಾಗ್ ಸಿಂಥಸೈಸರ್ ಅರಿಯುವ, ತೋರಿಸುವ ಬಗೆ

ನನ್ನ ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ಎಷ್ಟು ವಾದ್ಯಗಳಿವೆ?" ಎರಡನೆಯದು, "ತಬಲಾ ಬರುತ್ತದೆಯೇ?" ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನೋಡಿದವರು ಹಾಗೆ ಕೇಳುವುದು ಸಹಜ. ಆ ಕೀಬೋರ್ಡುಗಳಲ್ಲಿ ಶಹನಾಯಿ, ಪಿಟೀಲು, ಕೊಳಲು ಎಲ್ಲವನ್ನೂ ಮೊದಲೇ ತುಂಬಿಟ್ಟಿರುತ್ತಾರೆ. ಗುಂಡಿ ಒತ್ತಿದರೆ ಸಾಕು. ಅನಲಾಗ್ ಸಿಂಥಸೈಸರ್‌ನಲ್ಲಿ ಒಂದೇ ಒಂದು ವಾದ್ಯವೂ ಇಲ್ಲ. ಸದಾ ಕಂಪಿಸುತ್ತಿರುವ ವಿದ್ಯುತ್ ಒತ್ತಡ, ಅದನ್ನು ತಿದ್ದುವ ಕೆಲವು ಮಂಡಲಗಳು, ಆ ಮಂಡಲಗಳಿಗೆ ಒಂದೊಂದು ನಾಬ್, ಇಷ್ಟೇ.

ಇದನ್ನು ಬಂದವರಿಗೆ ತೋರಿಸುವಾಗ ಹೆಚ್ಚಿನವರು ಗೊತ್ತಿರುವ ಹಾಡಿನ ಒಂದು ಸಾಲು ನುಡಿಸಿಬಿಡುತ್ತಾರೆ. ಅಲ್ಲಿಗೆ ಪ್ರಾತ್ಯಕ್ಷಿಕೆ ಮುಗಿಯಿತು. ಕೇಳುಗರ ಗಮನ ಹಾಡಿನ ಬೆನ್ನು ಹತ್ತುತ್ತದೆ, ಸದ್ದನ್ನು ಯಾರೂ ಕೇಳುವುದಿಲ್ಲ. "ನಮ್ಮ ಹುಡುಗನ ಕೀಬೋರ್ಡಿನಲ್ಲೂ ಇದು ಬರುತ್ತದೆ" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು: ಕೀಲಿಮಣೆಯನ್ನು ಕೊನೆಗೆ ಮುಟ್ಟುವುದು. ಮೊದಲು ಒಂದೇ ಸ್ವರ, ನಿಂತ ಸ್ವರ. ಉಳಿದದ್ದೆಲ್ಲ ಅದರೊಳಗಿನಿಂದಲೇ ಬರಬೇಕು.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಇಲ್ಲಿಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದೆ. ಕರ್ವೆ ನಗರದ ನಮ್ಮ ಮನೆಗೆ ಬರುವವರಲ್ಲಿ ಅರ್ಧ ಮಂದಿ ಹಿಂದೂಸ್ತಾನಿ ಕೇಳಿ ಕಿವಿ ಪಳಗಿದ ಹುಬ್ಬಳ್ಳಿ-ಧಾರವಾಡದ ನೆಂಟರು, ಉಳಿದರ್ಧ "ಕಾಕೂ, ನಾನೊಮ್ಮೆ ತಿರುಗಿಸಲಾ?" ಎಂದು ಓಡಿಬರುವ ಕಟ್ಟಡದ ಮಕ್ಕಳು. ಈ ಎರಡೂ ಬಗೆಯ ಕೇಳುಗರಿಗೆ ನಡೆಯುವ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಯಂತ್ರ ಯಾವುದಿರಬೇಕು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನನ್ನದು 1970ರ ಮಿನಿಮೂಗ್ ಎಂಬ ಅಮೆರಿಕದ ಸಿಂಥಸೈಸರ್‌ನ ನಕ್ಷೆಯನ್ನು ಹಿಡಿದು ಈಚಿನ ವರ್ಷಗಳಲ್ಲಿ ತಯಾರಾದ, ಕೈಗೆಟುಕುವ ಬೆಲೆಯ ಪೆಟ್ಟಿಗೆ: ಅಲೆ ಹುಟ್ಟಿಸುವ ಮೂರು ಆಸಿಲೇಟರ್, ಅವನ್ನು ಬೆರೆಸುವ ಒಂದು ಮಿಕ್ಸರ್, ಒಂದು ಫಿಲ್ಟರ್, ಸದ್ದು ಹೇಗೆ ಏರಿ ಇಳಿಯಬೇಕೆಂದು ಹೇಳುವ ಎರಡು ಎನ್ವಲಪ್. ಅದಕ್ಕೆ ಚಿಕ್ಕದೊಂದು ಮಿಡಿ ಕೀಬೋರ್ಡ್ ಜೋಡಿಸಿದ್ದೇನೆ. ಕೋರ್ಗ್ ಕಂಪನಿಯ ವೋಲ್ಕಾ ಕೀಸ್ ಇನ್ನೂ ಚಿಕ್ಕದು, ಆರು ಪೆನ್ಸಿಲ್ ಸೆಲ್ಲುಗಳಲ್ಲಿ ನಡೆಯುತ್ತದೆ, ಮಕ್ಕಳ ಕೈಗೆ ಕೊಡಲು ಒಳ್ಳೆಯದು. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಒಂದು ನಾಬ್‌ಗೆ ಒಂದೇ ಕೆಲಸ ಇರಬೇಕು. ಪರದೆಯಲ್ಲಿ ಮೆನು ತೆರೆದು ಹುಡುಕಬೇಕಾದ ಯಂತ್ರ ಸಂಗೀತಕ್ಕೆ ಒದಗಬಹುದು, ತೋರಿಸುವುದಕ್ಕೆ ಒದಗದು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಯಂತ್ರವಾದರೆ ಕೊರತೆ ಎಂದುಕೊಳ್ಳಬೇಡಿ. ನಮ್ಮ ಸಂಗೀತಕ್ಕೆ ಅಷ್ಟು ಸಾಕು. ಹಳೆಯ ಯಂತ್ರವನ್ನು ಯಾರಿಂದಲಾದರೂ ಕೊಳ್ಳುವುದಾದರೆ ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ, ಮತ್ತು ಕೆಳಗಿನ ಷಡ್ಜ ಸರಿಯಾಗಿದ್ದಾಗ ಎರಡು ಸಪ್ತಕ ಮೇಲಿನ ಷಡ್ಜವೂ ಸರಿಯಾಗಿದೆಯೇ ಪರೀಕ್ಷಿಸಿ. ಅಮೆರಿಕದಿಂದ ಯಾರೋ ತಂದ ಹಳೆಯ ಯಂತ್ರವಾದರೆ ಹಿಂಬದಿಯ ಚೀಟಿ ಓದದೆ ಪ್ಲಗ್ ಹಾಕಬೇಡಿ. 120 ವೋಲ್ಟಿನ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟನ್ನು ತಡೆಯುವುದಿಲ್ಲ. ಅಡಾಪ್ಟರ್ ಕಳೆದುಹೋಗಿದ್ದರೆ ವೋಲ್ಟ್ ಮಾತ್ರವಲ್ಲ, ಪಿನ್ನಿನ ನಡುಭಾಗ ಧನವೋ ಋಣವೋ ಎಂಬುದನ್ನೂ ನೋಡಿ ಬೇರೆ ತನ್ನಿ. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ನಡುಭಾಗ ಸಾಮಾನ್ಯವಾಗಿ ಋಣ, ವೋಲ್ಕಾದಂಥವುಗಳಲ್ಲಿ ಧನ. ಪಿನ್ ಹೊಂದಿತು ಎಂದ ಮಾತ್ರಕ್ಕೆ ಅಡಾಪ್ಟರ್ ಹೊಂದಿತು ಎಂದಲ್ಲ.

ಕೇಬಲ್ಲುಗಳಿಗೆ ನಾನು ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಹೋಗುತ್ತೇನೆ. ಕಾಲು ಇಂಚಿನ ಜಾಕ್ ಎಂದು ಕೇಳಿದರೆ ಅಂಗಡಿಯ ಹುಡುಗ ಒಮ್ಮೊಮ್ಮೆ ಮುಖ ನೋಡುತ್ತಾನೆ. ಪಿ-38 ಎಂದರೆ ತಕ್ಷಣ ತೆಗೆದುಕೊಡುತ್ತಾನೆ. ಸ್ಪೀಕರ್ ತಂತಿಯಲ್ಲೇ ಜೋಡಿಸುವಂಥದ್ದಿರಲಿ. ಬ್ಲೂಟೂತ್ ಸ್ಪೀಕರ್ ಈ ಕೆಲಸಕ್ಕೆ ಬಾರದು, ಏಕೆಂದರೆ ನಾಬ್ ತಿರುಗಿಸಿದ ಮೇಲೆ ಸದ್ದು ತಡವಾಗಿ ಬದಲಾಗುತ್ತದೆ, ಕೈಗೂ ಕಿವಿಗೂ ಇರುವ ಸಂಬಂಧವೇ ಕಡಿದುಹೋಗುತ್ತದೆ. ನಾವು ತೋರಿಸಲು ಹೊರಟಿರುವುದೇ ಆ ಸಂಬಂಧವನ್ನು.

ಇನ್ನು ಗುಂಯ್ ಎನ್ನುವ ಹಿನ್ನೆಲೆ ಸದ್ದು. ನಿಂತ ಸ್ವರವೊಂದನ್ನು ಕಿವಿಗೊಟ್ಟು ಕೇಳಿ ಎಂದು ಜನರನ್ನು ಕೂರಿಸಿ, ಅದರ ಕೆಳಗೆ ಬೇರೊಂದು ಸ್ವರ ಗುನುಗುತ್ತಿದ್ದರೆ ಹೇಗೆ? ನಮ್ಮ ಮನೆ ವಿದ್ಯುತ್ತು 50 ಹರ್ಟ್ಸ್‌ನದು; ಗುಂಯ್‌ಕಾರ ಬರುವುದು 50ರಲ್ಲಿ, 100ರಲ್ಲಿ. ಪಶ್ಚಿಮದ ಲೆಕ್ಕದಲ್ಲಿ ಅದು ಜಿ ಸ್ವರದ ಹತ್ತಿರ. ಯಂತ್ರ, ಸ್ಪೀಕರ್, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ. ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿದಾಗ ಕೀರಲು ಸದ್ದು ಬಂದರೆ ಅದರ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಮೂರನೆಯ ಅಪರಾಧಿ ನೆತ್ತಿಯ ಮೇಲೆಯೇ ಇರುತ್ತದೆ: ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಅದರೊಳಗಿನ ಟ್ರಯಾಕ್ ಪ್ರತಿ ಅರ್ಧ ಅಲೆಯಲ್ಲೂ ವಿದ್ಯುತ್ತನ್ನು ಕತ್ತರಿಸುವುದರಿಂದ ಜೊಯ್ ಎನ್ನುವ ಸದ್ದು ಹುಟ್ಟುತ್ತದೆ. ಫ್ಯಾನನ್ನು ಪೂರ್ತಿ ಹಾಕಿ, ಇಲ್ಲವೇ ಆರಿಸಿ, ನಡುವೆ ನಿಲ್ಲಿಸಬೇಡಿ. ಅಡುಗೆಮನೆಯಲ್ಲಿ ಮಿಕ್ಸರ್ ನಡೆಯುವಾಗ ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುವ ಮಾತೇ ಬೇಡ. ಒಂದು ಎಚ್ಚರಿಕೆ ಮಾತ್ರ ಮೇಷ್ಟರ ಗತ್ತಿನಲ್ಲೇ ಹೇಳುತ್ತೇನೆ: ಗುಂಯ್‌ಕಾರ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಸದ್ದು ಹೋದರೂ ಹೋದೀತು, ಜೊತೆಗೆ ಜೀವವೂ ಹೋದೀತು.

ಯಂತ್ರವನ್ನು ಹಾಕಿ ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಈ ಯಂತ್ರಗಳಲ್ಲಿ ಒಂದು ಸಪ್ತಕ ಏರಲು ಒಂದು ವೋಲ್ಟ್ ಎಂಬ ಲೆಕ್ಕ. ಒಂದು ಅರ್ಧಸ್ವರಕ್ಕೆ 83.3 ಮಿಲಿವೋಲ್ಟ್. ಒತ್ತಡವನ್ನು ಶ್ರುತಿಯಾಗಿ ಬದಲಿಸುವುದು ಟ್ರಾನ್ಸಿಸ್ಟರ್ ಜೋಡಿ, ಮತ್ತು ಟ್ರಾನ್ಸಿಸ್ಟರಿಗೆ ಬಿಸಿ ತಾಗಿದರೆ ಈ ಲೆಕ್ಕ ಜಾರುತ್ತದೆ. ಅದನ್ನು ಸರಿದೂಗಿಸಲು ಒಳಗೆ ಬೇರೆ ಘಟಕ ಇಟ್ಟಿರುತ್ತಾರೆ, ಆದರೂ ಪೆಟ್ಟಿಗೆ ಒಂದು ಹದದ ಬಿಸಿಗೆ ಬರುವ ತನಕ ಶ್ರುತಿ ಅಲುಗಾಡುತ್ತದೆ. ಡಿಸೆಂಬರಿನ ಪುಣೆಯಲ್ಲಿ, ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆಂದು ಬಂದ ನೆಂಟರಿಂದ ಮನೆ ತುಂಬಿರುವಾಗ, ಈ ಅಲುಗಾಟ ಚೆನ್ನಾಗಿಯೇ ಕೇಳಿಸುತ್ತದೆ. ಯಾರಾದರೂ "ಶ್ರುತಿ ಇಳಿಯಿತಲ್ಲ" ಎಂದರೆ ಸಂತೋಷಪಡಿ, ಒಳ್ಳೆಯ ಕೇಳುಗರು ಸಿಕ್ಕಿದ್ದಾರೆ.

ಇನ್ನು ನಿಜವಾದ ಕೆಲಸ. ಒಂಟಿಯಾಗಿ ಕಲಿಯುವಾಗಲೂ ಇದೇ ಕ್ರಮ, ಬಂದವರಿಗೆ ತೋರಿಸುವಾಗಲೂ ಇದೇ ಕ್ರಮ.

ಎರಡು ಮತ್ತು ಮೂರನೆಯ ಆಸಿಲೇಟರ್‌ಗಳನ್ನು ಮಿಕ್ಸರ್‌ನಲ್ಲಿ ಆರಿಸಿ. ಮೊದಲನೆಯದನ್ನು ಗರಗಸ ಅಲೆಗೆ ಇಡಿ. ಫಿಲ್ಟರ್‌ನ ಕಟಾಫ್ ಪೂರ್ತಿ ಮೇಲೆ, ರೆಸೊನೆನ್ಸ್ ಸೊನ್ನೆ (ಕೆಲವು ಯಂತ್ರಗಳ ಮೇಲೆ ಎಂಫಸಿಸ್ ಎಂದು ಬರೆದಿರುತ್ತದೆ), ಎನ್ವಲಪ್‌ನ ಸಸ್ಟೇನ್ (ಕೀಲಿ ಒತ್ತಿರುವಷ್ಟು ಹೊತ್ತು ಸದ್ದು ನಿಲ್ಲುವ ಮಟ್ಟ) ಪೂರ್ತಿ. ಕೀಬೋರ್ಡಿನ ಒಂದು ಕೀಲಿಯನ್ನು ಒತ್ತಿ, ಅದು ಮೇಲೆ ಬಾರದಂತೆ ಪಕ್ಕದ ಸಂದಿಯಲ್ಲಿ ಮಡಿಚಿದ ಬಸ್ ಟಿಕೆಟ್ ಸಿಕ್ಕಿಸಿ. ಈಗ ಕೈ ಖಾಲಿಯಾಯಿತು. ಮೊಬೈಲಿನ ಟ್ಯೂನರ್ ನೋಡಿ ಸ್ವರವನ್ನು 110 ಹರ್ಟ್ಸ್‌ಗೆ ತನ್ನಿ. ಹಾಡುವವರು ಕಾಳಿ ಒಂದೋ ಎರಡೋ (ಹಾರ್ಮೋನಿಯಂನ ಕಪ್ಪು ಮನೆಗಳು) ಬಯಸಬಹುದು, ಆದರೆ 110 ಇದ್ದರೆ ಲೆಕ್ಕ ಸುಲಭ.

ಬರುವ ಸದ್ದು ಒರಟು, ಹಸಿ, ಸ್ವಲ್ಪ ಹೊತ್ತಿಗೆ ಕಿರಿಕಿರಿ ಎನಿಸುವಂಥದ್ದು. ಬಂದವರ ಮುಖ ಹುಳ್ಳಗಾಗುತ್ತದೆ. ಆಗಲಿ. "ಇದು ನಮ್ಮ ಷಡ್ಜ" ಎಂದಷ್ಟೇ ಹೇಳಿ. ಈಗ ಕಟಾಫ್ ನಾಬನ್ನು ನಿಧಾನವಾಗಿ ಕೆಳಗಿಳಿಸಿ. ಸದ್ದು ಮಂಕಾಗುತ್ತ, ದುಂಡಗಾಗುತ್ತ ಹೋಗಿ ಕೊನೆಗೆ ಗೋಡೆಯ ಆಚೆ ಯಾರೋ ಗುನುಗಿದಷ್ಟು ಉಳಿಯುತ್ತದೆ. ಫಿಲ್ಟರ್ ಎಂದರೆ ಜರಡಿ: ಕಟಾಫ್ ಎಂಬ ಒಂದು ಮಟ್ಟಕ್ಕಿಂತ ಮೇಲಿನ ಕಂಪನಗಳನ್ನು ತಡೆದು ಕೆಳಗಿನವನ್ನು ಬಿಡುತ್ತದೆ. ಮೂಗ್ ಬಗೆಯ ಫಿಲ್ಟರ್ ಕಟಾಫ್ ದಾಟಿದ ಪ್ರತಿ ಸಪ್ತಕಕ್ಕೆ 24 ಡೆಸಿಬೆಲ್ ಕತ್ತರಿಸುತ್ತದೆ. ಇತರ ಹಲವು ಯಂತ್ರಗಳಲ್ಲಿ 12. ಆದರೆ ಈ ಅಂಕಿಗಳನ್ನು ಈಗಲೇ ಹೇಳಬೇಡಿ. ಯಾರೂ ಕೇಳಿಲ್ಲ.

ಮುಂದಿನದೇ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಕಟಾಫ್ ಕೆಳಗಿರುವಾಗಲೇ ರೆಸೊನೆನ್ಸ್ ನಾಬನ್ನು ಮುಕ್ಕಾಲಿಗಿಂತ ಸ್ವಲ್ಪ ಮೇಲಕ್ಕೆ ತನ್ನಿ. ಹೀಗೆ ಮಾಡಿದಾಗ ಫಿಲ್ಟರ್ ತನ್ನ ಅಂಚಿನಲ್ಲಿರುವ ಕಂಪನವನ್ನು ಎತ್ತಿ ಹಿಡಿಯುತ್ತದೆ. ಈಗ ಕಟಾಫನ್ನು ಬಹಳ ನಿಧಾನವಾಗಿ, ಬೆರಳಿಗೆ ಅನುಭವಕ್ಕೆ ಬರುವಷ್ಟು ಮಾತ್ರ, ಮೇಲಕ್ಕೆ ಒಯ್ಯಿರಿ. 110ರ ಷಡ್ಜದ ಮೇಲೆ 220ರ ಷಡ್ಜ ಮೂಡುತ್ತದೆ. ಆಮೇಲೆ 330, ಸ್ಪಷ್ಟವಾದ ಪಂಚಮ. 440ರಲ್ಲಿ ಮತ್ತೆ ಷಡ್ಜ. 550 ಬಂದಾಗ ಕೈ ನಿಲ್ಲಿಸಿ. ಅದು ಗಾಂಧಾರ. ಯಾರೂ ಒತ್ತದ, ಯಾರೂ ನುಡಿಸದ ಗಾಂಧಾರ. ಖರ್ಜದ ತಂತಿ, ಅಂದರೆ ಕೆಳಗಿನ ಷಡ್ಜದ ತಂತಿ ಮೀಟಿದಾಗ ತಂಬೂರಿಯಲ್ಲಿ ಕೇಳಿಬರುವ ಸ್ವಯಂಭೂ ಗಾಂಧಾರ ಇದೇ, ಐದನೆಯ ಅಂಶಸ್ವರ: ಮೂಲ ಸ್ವರದೊಳಗೇ ಅಡಗಿರುವ, ಅದರ ಐದು ಪಟ್ಟು ಕಂಪನದ ಸ್ವರ. ಮೀರಜಿನ ತಂಬೂರಿ ಜೀವಮಾನವಿಡೀ ಕೇಳಿದವರು ಇಲ್ಲಿಗೆ ಬಂದಾಗ ಕುರ್ಚಿಯ ಅಂಚಿಗೆ ಸರಿಯುತ್ತಾರೆ. ಮೊದಲ ಸಲ ಇದನ್ನು ಕೇಳಿದ ನನ್ನ ಅತ್ತೆಯವರು "ಒಳಗೆ ಜವಾರಿ ದಾರ (ತಂಬೂರಿಯ ತಂತಿಗೆ ಝೇಂಕಾರ ತರುವ ದಾರ) ಇಟ್ಟಿದ್ದೀಯಾ?" ಎಂದು ಪೆಟ್ಟಿಗೆಯ ಹಿಂಬದಿ ಬಗ್ಗಿ ನೋಡಿದ್ದರು.

ಮೇಲೆ ಹೋಗುತ್ತಲೇ ಇರಿ. 660ರಲ್ಲಿ ಪಂಚಮ. 770ರಲ್ಲಿ ಬರುವುದು ಕೋಮಲ ನಿಷಾದದಂತೆ ಕೇಳಿಸಿದರೂ ಹಾರ್ಮೋನಿಯಂನ ಕೋಮಲ ನಿಷಾದಕ್ಕಿಂತ ಚೆನ್ನಾಗಿಯೇ ಕೆಳಗಿದೆ. ಇದಕ್ಕೆ ಹಾರ್ಮೋನಿಯಂನಲ್ಲಿ ಮನೆ ಇಲ್ಲ. 880 ಷಡ್ಜ, 990 ರಿಷಭ. ಗರಗಸ ಅಲೆಯಲ್ಲಿ ಎಲ್ಲ ಅಂಶಸ್ವರಗಳೂ ಇರುತ್ತವೆ: ಎರಡನೆಯದು ಮೊದಲನೆಯದರ ಅರ್ಧದಷ್ಟು, ಮೂರನೆಯದು ಮೂರನೇ ಒಂದರಷ್ಟು, ಹೀಗೆ. ಈಗ ಕಟಾಫನ್ನು ಮತ್ತೆ ಕೆಳಗೆ ತಂದು, ಆಸಿಲೇಟರನ್ನು ಚೌಕ ಅಲೆಗೆ ಬದಲಿಸಿ, ಅದೇ ಪ್ರಯಾಣವನ್ನು ಇನ್ನೊಮ್ಮೆ ಮಾಡಿ. ಷಡ್ಜದಿಂದ ನೇರ ಪಂಚಮಕ್ಕೆ, ಅಲ್ಲಿಂದ ನೇರ ಗಾಂಧಾರಕ್ಕೆ ಹಾರುತ್ತದೆ. ನಡುವಿನ 220, 440 ಮಾಯ. ಚೌಕ ಅಲೆಯಲ್ಲಿ ಬೆಸ ಸಂಖ್ಯೆಯ ಅಂಶಸ್ವರಗಳು ಮಾತ್ರ ಇವೆ ಎಂದು ಪಾಲಿಟೆಕ್ನಿಕ್‌ನಲ್ಲಿ ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದದ್ದೇ ಬರೆದದ್ದು. ಇಲ್ಲಿ ಬರೆಯುವ ಅಗತ್ಯವೇ ಇಲ್ಲ, ಕೇಳಿದರೆ ಸಾಕು. ಮನೆಯಲ್ಲಿ ಹಳೆಯ ಸಿಆರ್‌ಒ (ಆಸಿಲೋಸ್ಕೋಪ್) ಇದ್ದರೆ ಅಲೆಯ ಆಕಾರ ತೋರಿಸಬಹುದು, ಆದರೆ ಕಿವಿಯ ಕೆಲಸ ಮುಗಿದ ಮೇಲೆ. ಮೊದಲೇ ಪರದೆ ಹಚ್ಚಿದರೆ ಎಲ್ಲರೂ ನೋಡುತ್ತಾರೆ, ಒಬ್ಬರೂ ಕೇಳುವುದಿಲ್ಲ.

ಈಗ ಎರಡನೆಯ ಆಸಿಲೇಟರ್. ರೆಸೊನೆನ್ಸ್ ಇಳಿಸಿ, ಕಟಾಫ್ ಅರ್ಧಕ್ಕಿಂತ ಮೇಲಿಡಿ, ಎರಡನ್ನೂ ಗರಗಸ ಅಲೆಗೆ ತಂದು ಒಂದೇ ಸ್ವರಕ್ಕೆ ಹೊಂದಿಸಿ. ಪೂರ್ತಿ ಹೊಂದುವ ಮುನ್ನ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ಒಂದು 110, ಇನ್ನೊಂದು 111 ಇದ್ದರೆ ಸೆಕೆಂಡಿಗೆ ಒಂದು ಏರಿಳಿತ. ತಂಬೂರಿಯ ಜೋಡಿ ತಂತಿಗಳನ್ನು ಕೂಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾಬನ್ನು ಅವರ ಕೈಗೇ ಕೊಡಿ. ಪೂರ್ತಿ ನಿಲ್ಲಿಸಲು ಹೋಗಬೇಡಿ ಎನ್ನಿ. ಸ್ವಲ್ಪ ಅಲೆ ಉಳಿದರೆ ಸದ್ದಿಗೆ ಮೈ ಬರುತ್ತದೆ, ಜನ ಅನಲಾಗ್‌ನ ಬಿಸುಪು ಎಂದು ಹೊಗಳುವುದರಲ್ಲಿ ಬಹುಪಾಲು ಇಷ್ಟೇ.

ಆಮೇಲೆ ಅದೇ ಎರಡನೆಯ ಆಸಿಲೇಟರನ್ನು ಕೈಯಿಂದ ಗಾಂಧಾರಕ್ಕೆ ಏರಿಸಿ. ಮೊದಲು ಟ್ಯೂನರ್ ತೋರಿಸುವ ಗಾಂಧಾರ, ಅಂದರೆ 138.6 ಹರ್ಟ್ಸ್. ಹಾರ್ಮೋನಿಯಂ, ಪಿಯಾನೊ ಎರಡೂ ನುಡಿಯುವುದು ಇದನ್ನೇ. ಕಿವಿಗೊಟ್ಟರೆ ಮೇಲುಗಡೆ ಎಲ್ಲೋ ಸೆಕೆಂಡಿಗೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು ಸಲ ಏನೋ ನಡುಗುತ್ತಿರುತ್ತದೆ. ಕಾರಣ ಸರಳ: ಷಡ್ಜದ ಐದನೆಯ ಅಂಶಸ್ವರ 550, ಈ ಗಾಂಧಾರದ ನಾಲ್ಕನೆಯದು 554.4, ಎರಡೂ ಒಂದಕ್ಕೊಂದು ತಿಕ್ಕುತ್ತವೆ. ಈಗ ನಾಬನ್ನು ಕೂದಲೆಳೆಯಷ್ಟು ಇಳಿಸಿ. ನಡುಕ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, 137.5ರಲ್ಲಿ ನಿಂತೇ ಹೋಗುತ್ತದೆ. ಎರಡು ಸ್ವರಗಳಿದ್ದದ್ದು ಒಂದಾದಂತೆ ಕೇಳುತ್ತದೆ. ಹಾಡುವ ನನ್ನ ಮೈದುನ ಇದನ್ನು ನೋಡುತ್ತಿದ್ದವನು, "ವೈನಿ, ಪೇಟಿಯ (ಹಾರ್ಮೋನಿಯಂನ) ಗಾಂಧಾರ ಏರಿದೆ ಎಂದು ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಈಗ ಸಾಕ್ಷಿ ಸಿಕ್ಕಿತು" ಎಂದು ಅದನ್ನು ಮತ್ತೆ ಮತ್ತೆ ಮಾಡಿಸಿದ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಇಂಥ ತಕರಾರುಗಳೂ ಕಾರಣವಾಗಿದ್ದವು. ಸ್ಥಿರ ಸ್ವರ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇಲ್ಲ. ಪಂಚಮಕ್ಕೂ ಇದನ್ನೇ ಮಾಡಿ ನೋಡಬಹುದು, ಆದರೆ ಅಲ್ಲಿ ವ್ಯತ್ಯಾಸ ಅತ್ಯಲ್ಪ, ನಡುಕ ಎರಡು-ಮೂರು ಸೆಕೆಂಡಿಗೊಮ್ಮೆ ಬರುತ್ತದೆ. ತಾಳ್ಮೆಯಿದ್ದವರಿಗೆ ಮಾತ್ರ.

ಇಲ್ಲಿಗೆ ಬರುವಷ್ಟರಲ್ಲಿ ಹಿರಿಯರಿಗೆ ಯಂತ್ರ ಪರದೇಶದ ವಸ್ತುವಾಗಿ ಉಳಿದಿರುವುದಿಲ್ಲ. ಆದರೂ ಯಾರಾದರೊಬ್ಬರು "ಇದೆಲ್ಲ ಅಮೆರಿಕದವರ ಆಟ" ಎನ್ನುತ್ತಾರೆ. ರಾಬರ್ಟ್ ಮೂಗ್ ತನ್ನ ಮೊದಲ ಮಾದರಿಯನ್ನು ರೂಪಿಸಿದ್ದು 1964ರಲ್ಲಿ, ಅಮೆರಿಕದಲ್ಲಿ, ನಿಜ. ಆದರೆ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ಬಂದು ಕೂತಿತ್ತು. ಸ್ಟುಡಿಯೊ ಕಟ್ಟಲು ನೆರವಾದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ನಮ್ಮ ಪಕ್ಕದ ಮುಂಬಯಿಯಲ್ಲಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಜುಪಿಟರ್-8 ಸಿಂಥಸೈಸರ್, ಟಿಬಿ-303 ಬಾಸ್ ಯಂತ್ರ, ಟಿಆರ್-808 ತಾಳ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಧ್ವನಿಮುದ್ರಿಕೆ ಹೊರತಂದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಕಣ್ಣರಳಿಸಿತು. ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವ್ಯವಸ್ಥೆ ಇದೆ, ರಾಗಕ್ಕೆ ಅದು ಒದಗಿದ್ದು ಆಶ್ಚರ್ಯವಲ್ಲ. ಇಷ್ಟು ಹೇಳಿ ಮುಂದೆ ಸಾಗಿ. ಇತಿಹಾಸ ಉದ್ದವಾದರೆ ಮಕ್ಕಳು ಎದ್ದುಹೋಗುತ್ತಾರೆ.

ಎನ್ವಲಪ್, ಎಲ್‌ಎಫ್‌ಒಗಳಿಗೆ ಹೆಚ್ಚು ಹೊತ್ತು ಬೇಡ. ಕೀಲಿಯ ಸಂದಿಯ ಟಿಕೆಟ್ ತೆಗೆದು, ಒಂದೇ ಸ್ವರವನ್ನು ಬಿಟ್ಟುಬಿಟ್ಟು ಒತ್ತುತ್ತ ಅಟ್ಯಾಕ್ ಹೆಚ್ಚಿಸಿ: ಸದ್ದು ತಡವಾಗಿ ಅರಳುತ್ತದೆ, ಕಮಾನು ಎಳೆದಂತೆ. ಅಟ್ಯಾಕ್ ಸೊನ್ನೆ ಮಾಡಿ ಡಿಕೇ (ಸದ್ದು ಇಳಿಯುವ ಹೊತ್ತು) ಗಿಡ್ಡ ಮಾಡಿ, ಸಸ್ಟೇನ್ ಇಳಿಸಿ: ಮೀಟಿದಂತೆ. ಒಂದೇ ಸ್ವರ, ಒಂದೇ ಅಲೆ, ಆದರೆ ಕೇಳುಗರು ಎರಡು ಬೇರೆ ವಾದ್ಯಗಳ ಹೆಸರು ಹೇಳುತ್ತಾರೆ. ಎಲ್‌ಎಫ್‌ಒ ಎಂದರೆ ಕಿವಿಗೆ ಸ್ವರವಾಗಿ ಕೇಳಿಸದಷ್ಟು ನಿಧಾನವಾದ ಆಸಿಲೇಟರ್. ಅದು ಅದೃಶ್ಯವಾಗಿ ಕುಳಿತು ನಿಮ್ಮ ಬದಲು ನಾಬ್ ತಿರುಗಿಸುತ್ತದೆ. ನನ್ನ ಯಂತ್ರದಲ್ಲಿ ಮೂರನೆಯ ಆಸಿಲೇಟರೇ ಆ ಕೆಲಸ ಮಾಡುತ್ತದೆ. ಅದನ್ನು ಮೊದಲು ಅತಿ ನಿಧಾನಕ್ಕಿಟ್ಟು, ಮೆಲ್ಲಗೆ ವೇಗ ಹೆಚ್ಚಿಸಿ. ಮಕ್ಕಳು ಇಲ್ಲಿ ಕಡ್ಡಾಯವಾಗಿ ನಗುತ್ತಾರೆ.

ಮಕ್ಕಳ ಮಾತು ಬಂದದ್ದರಿಂದ: ಒಂದು ಸಲಕ್ಕೆ ಒಂದು ಮಗು, ಒಂದು ಮಗುವಿಗೆ ಒಂದು ನಾಬ್. ಉಳಿದ ನಾಬ್‌ಗಳ ಮೇಲೆ ಕೈ ಇಡಬಾರದು ಎಂದು ಮೊದಲೇ ಹೇಳಿ. ಕಟಾಫ್ ಯಾರಿಗೆ ಸಿಕ್ಕಿತೋ ಅವರೇ ಅದೃಷ್ಟವಂತರು, ಆದ್ದರಿಂದ ಸರದಿಯಲ್ಲಿ ಎಲ್ಲರಿಗೂ ಅದನ್ನು ಕೊಡಿ. ಯಾರಾದರೂ ನಾಬ್ ತಿರುಗಿಸುತ್ತಿರುವಾಗ ಇನ್ನೊಬ್ಬರ ಕಿವಿಯಲ್ಲಿ ಹೆಡ್‌ಫೋನ್ ಇರಕೂಡದು. ರೆಸೊನೆನ್ಸ್ ತುದಿ ತಲುಪಿದರೆ ಫಿಲ್ಟರ್ ತಾನೇ ಕೂಗತೊಡಗುತ್ತದೆ. ಕಟಾಫ್ ಮೇಲಿದ್ದರೆ ಆ ಕೂಗು ಸೂಜಿಯಂತಿರುತ್ತದೆ. ತಂತಿ ಬದಲಿಸುವ ಮುನ್ನ, ಯಂತ್ರ ಹಾಕುವ ಮುನ್ನ, ಆರಿಸುವ ಮುನ್ನ ಸ್ಪೀಕರ್‌ನ ವಾಲ್ಯೂಮ್ ಕೆಳಗೆ. ರಾತ್ರಿ ಹತ್ತಾದ ಮೇಲೆ ಕೆಳಗಿನ ಮನೆಯವರಿಗೆ 110 ಹರ್ಟ್ಸ್ ಷಡ್ಜದಲ್ಲಿ ಆಸಕ್ತಿ ಇರುವುದಿಲ್ಲ; ತಗ್ಗಿನ ಸ್ವರ ಗೋಡೆ ಹಿಡಿದು ಇಳಿಯುತ್ತದೆ. ಆಗ ಒಬ್ಬರೇ ಕುಳಿತು ಹೆಡ್‌ಫೋನಿನಲ್ಲಿ ಕಲಿಯಿರಿ.

ಕಲಿಯುವಾಗ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಇಷ್ಟವಾದ ಸದ್ದು ಸಿಕ್ಕಾಗ ನಾಬ್‌ಗಳ ಚಿತ್ರ ಬಿಡಿಸಿಡಿ. ವೃತ್ತ, ಅದರೊಳಗೆ ಒಂದು ಗೆರೆ. ಮೊಬೈಲಿನಲ್ಲಿ ಫೋಟೊ ತೆಗೆಯುವುದು ಸುಲಭ, ಆದರೆ ಕೈಯಿಂದ ಬಿಡಿಸಿದರೆ ಯಾವ ನಾಬ್ ಎಲ್ಲಿತ್ತು ಎಂಬುದನ್ನು ಗಮನಿಸಲೇಬೇಕಾಗುತ್ತದೆ. ನೆನಪಿನ ಗುಂಡಿ ಇಲ್ಲದ ಯಂತ್ರದ ದೊಡ್ಡ ಲಾಭ ಇದೇ. ಮರುದಿನ ಅದೇ ಚಿತ್ರ ನೋಡಿ ಹೊಂದಿಸಿದರೆ ಸದ್ದು ಸ್ವಲ್ಪ ಬೇರೆಯಾಗಿಯೇ ಬರುತ್ತದೆ, ಅದಕ್ಕೆ ಬೇಸರಿಸಬೇಡಿ.

ಊರಲ್ಲಿರುವ ಬಂಧುಗಳಿಗೆ ವಿಡಿಯೊ ಕಳಿಸುವುದಾದರೆ ಮುಖ ತೋರಿಸುವ ಅಗತ್ಯವಿಲ್ಲ, ಕೈ ತೋರಿಸಿ. ಮೊಬೈಲನ್ನು ಮೇಲಿನಿಂದ ನೇರ ಕೆಳಗೆ ನೋಡುವಂತೆ ನಿಲ್ಲಿಸಿ, ದೀಪ ಎಡದಿಂದ ಬರಲಿ, ಬಲಗೈಯ ನೆರಳು ಬರಹದ ಮೇಲೆ ಬೀಳದಿರಲಿ. ಸದ್ದನ್ನು ಮೊಬೈಲಿನ ಮೈಕಿನಿಂದ ಹಿಡಿಯಬೇಡಿ. ಅದು ಮೆಲುದನಿಯನ್ನು ತಾನಾಗಿ ಏರಿಸಿ ಜೋರುದನಿಯನ್ನು ತಗ್ಗಿಸುವುದರಿಂದ ಫಿಲ್ಟರ್ ಮುಚ್ಚಿಕೊಳ್ಳುವ ಸೊಗಸು ಹಾಳಾಗುತ್ತದೆ. 110 ಹರ್ಟ್ಸ್ ಕೇಳಿಸುವುದೂ ಅನುಮಾನ. ಚಿಕ್ಕ ಆಡಿಯೊ ಇಂಟರ್‌ಫೇಸ್ ಮೂಲಕ ತಂತಿಯಲ್ಲೇ ಮುದ್ರಿಸಿ, ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಏಕೆಂದರೆ ರೆಸೊನೆನ್ಸ್ ಯಾವಾಗ ಚಿಮ್ಮುತ್ತದೆಂದು ಹೇಳಲಾಗದು. ಏನು ಮಾಡುತ್ತೀರೆಂದು ಮೊದಲು ಹೇಳಿ, ಆಮೇಲೆ ಮಾಡಿ, ಮಾಡುವಾಗ ಬಾಯಿ ಮುಚ್ಚಿಕೊಂಡಿರಿ. ಸದ್ದಿನ ಮೇಲೆ ಮಾತು ಹೇರುವುದು ಇಂಥ ವಿಡಿಯೊಗಳ ಸಾಮಾನ್ಯ ರೋಗ.

ಮಳೆಗಾಲದಲ್ಲಿ ಯಂತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಗಿದಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿ ಸೀರೆಯ ತುಂಡು ಸಾಕು. ವಾರಕ್ಕೊಮ್ಮೆ ಒಂದು ತಾಸು ಹಾಕಿಡಿ, ಪ್ರತಿ ನಾಬನ್ನೂ ಒಮ್ಮೆ ತಿರುಗಿಸಿ.

ಈಗ ಕೀಲಿಮಣೆ. ಇಷ್ಟರಲ್ಲಿ ಯಾರೂ ಹಾಡು ನುಡಿಸಿ ಎಂದು ಕೇಳುವುದಿಲ್ಲ, ಆದರೆ ತಬಲಾದ ಪ್ರಶ್ನೆ ಮಾತ್ರ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೀಗೆ: ಮಿಕ್ಸರ್‌ನಲ್ಲಿ ಮೂರೂ ಆಸಿಲೇಟರ್‌ಗಳನ್ನು ಆರಿಸಿ. ರೆಸೊನೆನ್ಸ್ ತುದಿಗೆ, ಕಟಾಫ್ ತೀರಾ ಕೆಳಗೆ. ಈಗ ಸದ್ದು ಹುಟ್ಟಿಸುತ್ತಿರುವುದು ಫಿಲ್ಟರ್ ಮಾತ್ರ, ಅದೂ ಅಂಶಸ್ವರಗಳೇ ಇಲ್ಲವೆನ್ನಬಹುದಾದ ದುಂಡು ಸ್ವರ. ಸದ್ದಿನ ಎನ್ವಲಪ್‌ನಲ್ಲಿ ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ, ಡಿಕೇ ಅರ್ಧ ಸೆಕೆಂಡಿನ ಸುತ್ತ. ಬಲಗೈಯಿಂದ ಕೀಲಿ ಒತ್ತಿ; "ಧುಂ" ಎನ್ನುತ್ತದೆ. ಒತ್ತಿದ ಮರುಕ್ಷಣ ಎಡಗೈಯಿಂದ ಕಟಾಫನ್ನು ತುಸು ಮೇಲಕ್ಕೆ ತಿರುಗಿಸಿ. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಮೇಲೆ ಮುಂಗೈ ಒತ್ತಿ ಸರಿಸಿದಾಗ ಬರುವ ಗೇ ಬೋಲಿನ ಏರು ಬರುತ್ತದೆ. ಎಷ್ಟು ಬೇಗ, ಎಷ್ಟು ದೂರ ತಿರುಗಿಸಬೇಕು ಎಂಬುದನ್ನು ಕೈಯೇ ಕಲಿಯಬೇಕು. ತಬಲಾ ನುಡಿಸುವವರು ಮನೆಗೆ ಬಂದಿದ್ದರೆ ಕಟಾಫ್ ಅವರಿಗೆ ಬಿಟ್ಟು ಕೀಲಿ ನೀವು ಒತ್ತಿ. "ತಿನ್" ಬೇಕೆಂದು ಅವರು ಹಟ ಹಿಡಿದರೆ ಕಟಾಫ್ ಮೇಲೇರಿಸಿ, ಡಿಕೇ ಇನ್ನಷ್ಟು ಗಿಡ್ಡ ಮಾಡಿ, ಅಷ್ಟಕ್ಕೆ ಒಪ್ಪಿಸಿ. ಕಿನಾರೆಯ "ನಾ" ಕೇಳಿದರೆ ಚಹಾ ಇಡಲು ಎದ್ದುಬಿಡಿ, ಅದು ಈ ಪೆಟ್ಟಿಗೆಯಲ್ಲಿ ಇಲ್ಲ.